ಸಹಾಯ ಬೇಕು: ಖಾಲಿ ಸೈಟಿನಲ್ಲಿ ಆಸ್ಪತ್ರೆ ಸೂಜಿ, ಯಾರಿಗೆ ದೂರು ಕೊಡಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ. ಮೊನ್ನೆ ನಮ್ಮ ಓಣಿಯ ಖಾಲಿ ಸೈಟಿನಲ್ಲಿ ಕಸ ಎತ್ತುವಾಗ ಪೌರಕಾರ್ಮಿಕ ಅಕ್ಕನ ಬೆರಳಿಗೆ ಸೂಜಿ ಚುಚ್ಚಿತು. ಕರಿ ಚೀಲದೊಳಗೆ ನೋಡಿದರೆ ರಕ್ತ ಒಣಗಿದ ಹತ್ತಿ, ಡ್ರಿಪ್ ಪೈಪು, ಮುಚ್ಚಳವಿಲ್ಲದ ಸಿರಿಂಜುಗಳು. ಮೇಲೆ ಬಾಳೆಹಣ್ಣಿನ ಸಿಪ್ಪೆ ಹಾಕಿ ಮುಚ್ಚಿದ್ದರು. ಅಕ್ಕನ ಕೈಯಲ್ಲಿದ್ದದ್ದು ಹರಿದ ಬಟ್ಟೆಯ ಗ್ಲೌಸು.

ಸೋಪು ಹಚ್ಚಿ ನಲ್ಲಿ ನೀರಿನಲ್ಲಿ ಕೈ ತೊಳೆಸಿ, ತಕ್ಷಣ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಲೇಬೇಕು, ಅಲ್ವಾ? ಶುರುವಾಗಿದೆ. 28 ದಿನ ನುಂಗಬೇಕು. ಅಕ್ಕ ರಾತ್ರಿ ನಿದ್ದೆ ಮಾಡುತ್ತಿಲ್ಲ.

ಆಸ್ಪತ್ರೆ ಕಸದ (ಜೈವಿಕ ವೈದ್ಯಕೀಯ ತ್ಯಾಜ್ಯ) 2016ರ ನಿಯಮದಲ್ಲಿ ಎಲ್ಲ ಸ್ಪಷ್ಟವಾಗಿದೆ. ಸೂಜಿ, ಬ್ಲೇಡು ತೂತಾಗದ ಬಿಳಿ ಡಬ್ಬಿಗೆ. ರಕ್ತದ ಹತ್ತಿ ಹಳದಿ ಚೀಲಕ್ಕೆ, ಡ್ರಿಪ್ ಪೈಪು ಕೆಂಪು ಚೀಲಕ್ಕೆ. ರಕ್ತದ ಹತ್ತಿಯಂಥ ಕಸವನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಒಂದೂ ಹಾಸಿಗೆ ಇಲ್ಲದ ಕ್ಲಿನಿಕ್ಕಿಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಹಾಗಿದ್ದೂ ಇದು ಓಣಿಗೆ ಹೇಗೆ ಬಂತು?

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಕ್ಲಿನಿಕ್ ಅಥವಾ ಲ್ಯಾಬ್ ನಡೆಸುವವರು ದಯವಿಟ್ಟು ಹೇಳಿ: ನಿಮ್ಮಲ್ಲಿ ಈ ಕಸದ ಗಾಡಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ದೂರು ಮೊದಲು ಮಂಡಳಿಗೆ ಕೊಡಬೇಕಾ, ನಗರಸಭೆಗಾ, ಜಿಲ್ಲಾ ಆರೋಗ್ಯಾಧಿಕಾರಿಗಾ? ಫೋಟೋ ತೆಗೆದಿಟ್ಟಿದ್ದೇನೆ. ಅರ್ಜಿ ಬರೆದು ಅನುಭವ ಇರುವವರು ನಮೂನೆ ಕಳಿಸಿದರೆ ತುಂಬಾ ಉಪಕಾರ.

ಇನ್ನೊಂದು. ನಿಮ್ಮೂರಿನ ಪೌರಕಾರ್ಮಿಕರಿಗೆ ಹೆಪಟೈಟಿಸ್ ಬಿ ಲಸಿಕೆ, ದಪ್ಪ ರಬ್ಬರ್ ಗ್ಲೌಸು ಹೇಗೆ ಕೊಡಿಸಿದಿರಿ?

ಚೀಲ ಇನ್ನೂ ಅಲ್ಲೇ ಇದೆ. ಮಕ್ಕಳು ಮುಟ್ಟಬಾರದೆಂದು ತಾಡಪಾಲು ಹೊದಿಸಿ ಸುತ್ತ ಕಲ್ಲಿಟ್ಟಿದ್ದೇನೆ. ಬೇಗ ತಿಳಿಸಿ.