ಸಹಾಯ ಬೇಕು: ಅಪ್ಪ, ಅಮ್ಮನೊಂದಿಗೆ ಬಾರ್ಬಡೋಸ್‌ನಲ್ಲಿ ಐದು ದಿನ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಟೊರೊಂಟೊದಿಂದ ಹೊರಡುತ್ತಿದ್ದೇವೆ. ಅಮ್ಮನಿಗೆ ಕಡಲಿನಲ್ಲಿ ಕಾಲು ನೆನೆಸಿದರೆ ಸಾಕು. ಪೂರ್ವದ ಬಾತ್‌ಶೀಬಾದಲ್ಲಿ ಅಲೆಗಳ ಅಬ್ಬರ ಹೆಚ್ಚೆಂದು ಗೊತ್ತು; ಕಾರ್ಲೈಲ್ ಕೊಲ್ಲಿಯಲ್ಲಿ ವಯಸ್ಸಾದವರಿಗೆ ನೆರಳು, ಶೌಚಾಲಯ ಇವೆಯೇ?

ಅಪ್ಪ ನಿವೃತ್ತ ಇತಿಹಾಸ ಮೇಷ್ಟರು. 1627ರಿಂದ 1966ರವರೆಗೆ ಇಂಗ್ಲಿಷರ ಕೈ ಬಿಡದ ದ್ವೀಪವೆಂದರೆ ಅವರಿಗೆ ಹಬ್ಬ. ಬ್ರಿಜ್‌ಟೌನ್‌ನ ಗ್ಯಾರಿಸನ್ ಪ್ರದೇಶ (ಬ್ರಿಟಿಷರ ಹಳೆಯ ಸೇನಾ ನೆಲೆ), 1751ರಲ್ಲಿ ಜಾರ್ಜ್ ವಾಷಿಂಗ್ಟನ್ ತಂಗಿದ್ದ ಮನೆ, ಇವೆರಡನ್ನೂ ಒಂದೇ ದಿನ ನಿಧಾನವಾಗಿ ನೋಡಬಹುದೇ? ಕಬ್ಬಿನ ತೋಟದ ಗುಲಾಮರನ್ನು ಹೂಳಿದ ನ್ಯೂಟನ್ ಸ್ಮಶಾನಕ್ಕೆ ಬಸ್ಸಿದೆಯೇ, ಒಳಗೆ ಬಿಡುತ್ತಾರೆಯೇ? ದೊರೆಗಳ ಬಂಗಲೆಗಳನ್ನಷ್ಟೇ ನೋಡಿ ಮರಳಲು ಮನಸ್ಸಿಲ್ಲ.

ಕೆನ್ಸಿಂಗ್ಟನ್ ಓವಲ್‌ಗಂತೂ ಹೋಗಲೇಬೇಕು; 2024ರಲ್ಲಿ ನಮ್ಮ ದ್ರಾವಿಡ್ ಕಪ್ ಎತ್ತಿ ಕೂಗಿದ ಮೈದಾನವಲ್ಲವೇ! ಮೀನಿಲ್ಲದ ಊಟ ಸಿಗುವ ಜಾಗ ಗೊತ್ತಿದ್ದವರು ದಯವಿಟ್ಟು ತಿಳಿಸಿ.