ಅಪ್‌ಡೇಟ್: ಲಿಥುವೇನಿಯನ್ ಕ್ಲಾಸಿಗೆ ಸೇರಿಕೊಂಡೆ

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ಓದುತ್ತಿದ್ದೇನೆ, ಪಾಠ ಎಲ್ಲಾ ಇಂಗ್ಲಿಷಿನಲ್ಲೇ, ಆದರೂ ಯೂನಿವರ್ಸಿಟಿಯ ಲಿಥುವೇನಿಯನ್ ಬಿಗಿನರ್ ಕೋರ್ಸ್ ತೆಗೆದುಕೊಳ್ಳಲಾ ಅಂತ ಹಿಂದೆ ಕೇಳಿದ್ದೆ. ತೆಗೆದುಕೊಂಡೆ. ಮೂರು ತಿಂಗಳಾಯಿತು.

ಆಗ 'ಸಂಸ್ಕೃತದ ಹಾಗೇ ಇದೆ, ಸುಲಭ' ಅಂದವರಿಗೆ ಒಂದು ಮಾತು. ಹೌದು, ಮಗನಿಗೆ 'ಸೂನುಸ್', ಹೊಗೆಗೆ 'ದೂಮೈ', ಬೆಂಕಿಗೆ 'ಉಗ್ನಿಸ್'. ಮೊದಲ ದಿನ ಖುಷಿಯಾಯಿತು. ಆದರೆ ಇವನ್ನು ಹಿಡಿದುಕೊಂಡು ಬಸ್ ಸ್ಟಾಪ್ ಎಲ್ಲಿ ಅಂತ ಕೇಳಲು ಆಗುವುದಿಲ್ಲ ಅಲ್ವಾ?

ನಿಜವಾಗಿ ಕೈಹಿಡಿದದ್ದು ಕನ್ನಡ. ಏಳು ವಿಭಕ್ತಿ ಅಂದಾಗ ಕ್ಲಾಸಿನಲ್ಲಿ ಅರ್ಧ ಜನ ತಲೆ ಹಿಡಿದುಕೊಂಡರು. ನನಗೆ 'ವಿಲ್ನ್ಯುಯೆ' ಅಂದರೆ 'ವಿಲ್ನಿಯಸ್‌ನಲ್ಲಿ', ನಮ್ಮ 'ಮೈಸೂರಿನಲ್ಲಿ' ಅನ್ನುವ ತರಹ ಅಂತ ತಕ್ಷಣ ಹೊಳೆಯಿತು. ತೋಮಾಸ್‌ನನ್ನು ಕೂಗುವಾಗ 'ತೋಮೈ' ಆಗುತ್ತದೆ, ನಮ್ಮ ತಮ್ಮ 'ತಮ್ಮಾ' ಆದಂತೆ.

ಸೋತದ್ದು ಲೆಕ್ಕದಲ್ಲಿ. ಒಂದು ಯೂರೋ ಅಂದರೆ 'ಎಉರಸ್', ಎರಡು 'ಎಉರೈ', ಹತ್ತಕ್ಕೆ ಬಂದರೆ 'ಎಉರೂ'. ಇಪ್ಪತ್ತೊಂದಕ್ಕೆ ಮತ್ತೆ 'ಎಉರಸ್'! ಅಂಗಡಿಯಲ್ಲಿ ಈಗಲೂ ಸುಮ್ನೆ ಕಾರ್ಡ್ ತೋರಿಸುತ್ತೇನೆ.

ಕಾಫಿ ಮಾತ್ರ ಸರಿಯಾಗಿ ಕೇಳುತ್ತೇನೆ: 'ಕವಾ ಸು ಪಿಯೆನು, ಬೆ ಟ್ಸುಕ್ರೌಸ್'. ಹಾಲು ಹಾಕಿ, ಸಕ್ಕರೆ ಬೇಡ. ಹಾಲಿಗೆ ಒಂದು ವಿಭಕ್ತಿ, ಸಕ್ಕರೆಗೆ ಇನ್ನೊಂದು. ಮೊನ್ನೆ ಕೌಂಟರಿನ ಅಜ್ಜಿ ಇಂಗ್ಲಿಷಿಗೆ ಬದಲಾಯಿಸದೆ ಲಿಥುವೇನಿಯನ್‌ನಲ್ಲೇ ಏನೋ ಕೇಳಿದರು. ಅರ್ಥವಾಗಲಿಲ್ಲ. 'ತೈಪ್' ಅಂದೆ, ಅಂದರೆ ಹೌದು. ಕಾಫಿ ಜೊತೆ ಒಂದು ಕೇಕೂ ಬಂತು.

ಮುಂದಿನ ಸೆಮಿಸ್ಟರಿಗೂ ಹೆಸರು ಕೊಟ್ಟಿದ್ದೇನೆ.