ಅಪ್‌ಡೇಟ್: ಕ್ಯಾನನ್ ಬಿಟ್ಟು ನಿಕಾನ್ ಡಿ7500 ಕೊಂಡೆ

ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಬದಲಿಸುವಾಗ ನಿಕಾನ್‌ಗೆ ಹೋಗಬಹುದೇ, ಇರುವ ಲೆನ್ಸುಗಳ ಗತಿಯೇನು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಅಡಾಪ್ಟರ್ (ಒಂದು ಕಂಪನಿಯ ಲೆನ್ಸನ್ನು ಇನ್ನೊಂದರ ಕ್ಯಾಮೆರಾಕ್ಕೆ ಕೂಡಿಸುವ ಬಳೆ) ಹಾಕಿ ಹಳೆಯ ಲೆನ್ಸುಗಳನ್ನೇ ಬಳಸುವ ಸಲಹೆ ಕೈಗೂಡಲಿಲ್ಲ. ಲೆನ್ಸ್ ಮೌಂಟಿನಿಂದ (ಲೆನ್ಸ್ ಕೂಡಿಸುವ ಬಾಯಿ) ಚಿತ್ರ ಹಿಡಿಯುವ ಸೆನ್ಸರಿಗೆ ಇರುವ ಅಂತರ ಕ್ಯಾನನ್‌ನಲ್ಲಿ 44 ಮಿ.ಮೀ., ನಿಕಾನ್‌ನಲ್ಲಿ 46.5 ಮಿ.ಮೀ. ಆದುದರಿಂದ, ಒಳಗೆ ಗಾಜಿಲ್ಲದ ಅಡಾಪ್ಟರ್ ಹಾಕಿದರೆ ಕ್ಯಾನನ್ ಲೆನ್ಸು ಸೆನ್ಸರಿನಿಂದ ಬೇಕಾದ್ದಕ್ಕಿಂತ ದೂರ ನಿಂತು, ದೂರದ ವಸ್ತುಗಳು ಫೋಕಸ್ ಆಗುವುದೇ ಇಲ್ಲ. ಕಾರವಾರದ ಕಾಳಿ ಅಳಿವೆಯಲ್ಲಿ ಹಕ್ಕಿಗಳ ಚಿತ್ರ ತೆಗೆಯುವವನಿಗೆ ಅದರಿಂದೇನು ಪ್ರಯೋಜನ?

ಫಲಿಸಿದ್ದು, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಆರಿಸುವ ಮೊದಲು ಬಳಗದಲ್ಲಿ ಯಾರ ಬಳಿ ಯಾವ ಲೆನ್ಸ್ ಇದೆ ನೋಡಿ ಎಂಬ ಸಲಹೆ. ಶಿರಸಿಯ ಭಾವ ತಮ್ಮ ನಿಕಾನ್ 200-500 ಮಿ.ಮೀ. ಜೂಮ್ ಲೆನ್ಸನ್ನು ಬೇಕಾದಾಗ ಕೊಡಲು ಒಪ್ಪಿದ್ದರಿಂದ ಸೆಕೆಂಡ್ ಹ್ಯಾಂಡ್ ಡಿ7500 ಕೊಂಡೆ. ಅವರು ಮೂಲೆಗಿಟ್ಟಿದ್ದ 50 ಮಿ.ಮೀ. ಎಎಫ್-ಡಿ (ತನ್ನೊಳಗೆ ಫೋಕಸ್ ಮೋಟಾರಿಲ್ಲದ ಹಳೆಯ ಬಗೆಯ) ಲೆನ್ಸಿನಲ್ಲೂ ಆಟೋಫೋಕಸ್ ನಡೆಯುತ್ತದೆ ಎಂಬುದು ಅನಿರೀಕ್ಷಿತ ಲಾಭ, ಏಕೆಂದರೆ ಈ ಬಾಡಿಯೊಳಗೇ ಫೋಕಸ್ ಮೋಟಾರಿದೆ. ನಿಕಾನ್‌ನದೇ ಡಿ3500, ಡಿ5600 ಕ್ಯಾಮೆರಾಗಳಲ್ಲಿ ಅದಿಲ್ಲ.

ಆದರೆ ಲೆನ್ಸ್ ಕೂಡಿಸುವ ದಿಕ್ಕೂ ಜೂಮ್ ತಿರುಗಿಸುವ ದಿಕ್ಕೂ ಕ್ಯಾನನ್‌ಗೆ ತದ್ವಿರುದ್ಧ. ಗರುಡ ಮೀನಿಗೆ ಎರಗುವ ಹೊತ್ತಿಗೆ ಸರಿಯಾಗಿ ನನ್ನ ಕೈ ಇನ್ನೂ ಉಲ್ಟಾ ತಿರುಗುತ್ತದೆ.

ಹಳೆಯ ಲೆನ್ಸುಗಳಲ್ಲಿ ಒಂದಕ್ಕೆ ಮಳೆಗಾಲದ ಫಂಗಸ್ ಹಿಡಿದಿತ್ತು. ಅಂಗಡಿಯವರು ಟಾರ್ಚ್ ಬಿಟ್ಟು ನೋಡಿ ಅದನ್ನು ಬೇಡವೆಂದರು, ಉಳಿದವು ಮಾರಾಟವಾದವು.